ಯಾಕೂತನ ತಂದೆ ಯಾರು?

ಸಿಕಂದರಾಬಾದಿನಿಂದ ಈಶಾನ್ಯಕ್ಕೆ ಹೊರಟು ಲಾಲಾಗುಡ, ಮಲ್ಕಾಜ್‌ಗಿರಿ ದಾಟಿದರೆ ಮೌಲಾಲಿ ಬೆಟ್ಟ ಎದುರಾಗುತ್ತದೆ. ಕೆಳಗೆ ರೈಲ್ವೆ ಯಾರ್ಡು, ಡೀಸೆಲ್ ಶೆಡ್ಡು, ಒತ್ತೊತ್ತಾದ ಕಾಲೊನಿಗಳು. ನಡುವೆ ದಿಢೀರನೆ ಎದ್ದ ಬೋಳು ಕಲ್ಲುಗುಡ್ಡ, ಅದರ ನೆತ್ತಿಯ ಮೇಲೆ ದರ್ಗಾ. ಈ ದರ್ಗಾ ಹುಟ್ಟಿದ್ದು ಒಬ್ಬ ಗುಲಾಮನ ಕನಸಿನಿಂದ.

ಕಥೆ 1578ರದು. ಗೋಲ್ಕೊಂಡದಲ್ಲಿ ಇಬ್ರಾಹಿಂ ಕುತುಬ್ ಶಾಹ ಆಳುತ್ತಿದ್ದ. ಅವನ ಅರಮನೆಯ ಹಿರಿಯ ಖೋಜಾ ಯಾಕೂತ ಕಾಯಿಲೆ ಬಿದ್ದು ಲಾಲಾಗುಡದಲ್ಲಿ ತಂಗಿದ್ದ. ರಜಬ್ ತಿಂಗಳ 17ರ ರಾತ್ರಿ ಹಸಿರುಡುಗೆಯವನೊಬ್ಬ ಕನಸಿನಲ್ಲಿ ಬಂದು, ಮೌಲಾ ಅಲಿ ನಿನ್ನನ್ನು ಕರೆಯುತ್ತಿದ್ದಾರೆ ಎಂದು ಬೆಟ್ಟಕ್ಕೆ ಕರೆದೊಯ್ದ. ಅಲ್ಲಿ ಪ್ರವಾದಿಯ ಅಳಿಯ ಅಲಿ ಬಂಡೆಯ ಮೇಲೆ ಕೈಯೂರಿ ಕೂತಿದ್ದರಂತೆ. ಬೆಳಗಾಗುತ್ತಲೇ ಯಾಕೂತ ಬೆಟ್ಟ ಹತ್ತಿ ನೋಡಿದರೆ ಬಂಡೆಯ ಮೇಲೆ ಅಂಗೈ ಗುರುತು. ಆ ಕಲ್ಲನ್ನು ಕಡಿಸಿ ಅಲ್ಲೇ ಸ್ಥಾಪಿಸಿದ. ಸುದ್ದಿ ತಿಳಿದು ಸುಲ್ತಾನನೂ ಬಂದ. ಮುಂದೆ ಅಸಫ್‌ಜಾಹಿಗಳ ಕಾಲದಲ್ಲಿ ರಜಬ್ ತಿಂಗಳ ಉರುಸು ಇಡೀ ಹೈದರಾಬಾದಿನ ಜಾತ್ರೆಯಾಯಿತು. 1824ರಲ್ಲಿ ತೀರಿಕೊಂಡ ಕವಯಿತ್ರಿ ಮಹ್ ಲಖಾ ಬಾಯಿ ಚಂದಾ ತನ್ನ ತಾಯಿಯ ಪಕ್ಕದಲ್ಲಿ ಮಲಗಿರುವುದು ಇದೇ ಬೆಟ್ಟದ ತಪ್ಪಲಿನಲ್ಲಿ.

ಕನಸಿನ ತಾರೀಖು, ಅದರಲ್ಲಿ ಬಂದವನ ಬಟ್ಟೆಯ ಬಣ್ಣ, ಇವೆಲ್ಲ ನೆನಪಿನಲ್ಲಿ ಉಳಿದಿವೆ. ಕನಸು ಕಂಡವನ ತಂದೆಯ ಹೆಸರು ಉಳಿದಿಲ್ಲ. ಅವನು ಹುಟ್ಟಿದ ಊರೂ ಇಲ್ಲ. ಯಾಕೂತ ಎಂಬುದು ಹೆತ್ತವರು ತೊಟ್ಟಿಲಲ್ಲಿಟ್ಟ ಹೆಸರಾಗಿರಲಾರದು. ಯಾಕೂತ ಎಂದರೆ ಮಾಣಿಕ್ಯ, ಅಂಬರ್ ಎಂದರೆ ತಿಮಿಂಗಿಲದಿಂದ ಸಿಗುವ ಸುಗಂಧ, ರೈಹಾನ್ ಎಂದರೆ ಕಾಮಕಸ್ತೂರಿ, ಜೌಹರ್ ಎಂದರೆ ರತ್ನ, ಮರ್ಜಾನ್ ಎಂದರೆ ಹವಳ. ಕೆಂಪು ಸಮುದ್ರದ ಸಂತೆಗಳಲ್ಲಿ ಆಫ್ರಿಕಾದ ಗುಲಾಮರನ್ನು ಕೊಂಡವರು ಅವರಿಗೆ ಇಡುತ್ತಿದ್ದ ಹೆಸರುಗಳು ಇವು. ದಖ್ಖನಿನ 16-17ನೆಯ ಶತಮಾನದ ಹಬ್ಶಿ, ಎಂದರೆ ಆಫ್ರಿಕಾ ಮೂಲದ, ಸರದಾರರ ಪಟ್ಟಿ ಓದಿದರೆ ಅತ್ತರಿನ ಅಂಗಡಿಗೂ ಚಿನಿವಾರರ ಪೇಟೆಗೂ ಹೊಕ್ಕು ಬಂದಂತಾಗುತ್ತದೆ: ಮಲಿಕ್ ಅಂಬರ್, ಮಲಿಕ್ ರೈಹಾನ್, ಸಿದ್ದಿ ಜೌಹರ್, ಸಿದ್ದಿ ಯಾಕೂತ್. ಮೌಲಾಲಿಯ ಯಾಕೂತನೂ ಹಬ್ಶಿಯೇ ಎಂದು ಆಣೆಯಿಟ್ಟು ಹೇಳುವಂತಿಲ್ಲ. ಆದರೆ ಆ ಹೆಸರೂ ಆ ಚಾಕರಿಯೂ ಒಬ್ಬನಲ್ಲೇ ಕೂಡಿದ್ದರೆ ಊಹೆ ಹರಿಯುವುದು ಸಮುದ್ರದಾಚೆಗೆ, ಆಫ್ರಿಕಾದ ಕೊಂಬಿನ ಕಡೆಗೆ.

ಆ ಕೊಂಬಿನ ತುದಿಯಲ್ಲಿರುವವರು ಸೋಮಾಲಿಗಳು. ಜಗತ್ತಿನಲ್ಲಿ ತಂದೆಯ ಹೆಸರನ್ನು ಅವರಷ್ಟು ಜೋಪಾನ ಮಾಡಿದ ಜನ ಕಡಿಮೆ.

ಸೋಮಾಲಿ ಮಗುವಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ತಂದೆ, ಅಜ್ಜ, ಮುತ್ತಜ್ಜ ಎಂದು ಹಿಂದಕ್ಕೆ ಹೋಗುತ್ತ ಕುಲದ ಮೂಲಪುರುಷನವರೆಗೆ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಇಪ್ಪತ್ತು ಹೆಸರು ಹೇಳುವವರುಂಟು, ಮೂವತ್ತು ದಾಟುವವರೂ ಉಂಟು. ಇದಕ್ಕೆ ಅಬ್ತಿರ್ಸಿ ಎನ್ನುತ್ತಾರೆ, ಎಂದರೆ ಪೂರ್ವಜರ ಎಣಿಕೆ. ನಮ್ಮಲ್ಲಿ ಸಂಧ್ಯಾವಂದನೆಯ ಹೊತ್ತಿಗೆ ಗೋತ್ರ-ಪ್ರವರ ಹೇಳುವ ರೂಢಿಯಿದೆ, ಹೆಳವರು ಎತ್ತಿನ ಮೇಲೆ ಬಂದು ಒಕ್ಕಲ ವಂಶಾವಳಿ ಹೊಗಳುವ ರೂಢಿಯೂ ಇದೆ. ಆದರೆ ಅವುಗಳಿಂದ ಕೋರ್ಟಿನ ಕೆಲಸ ನಡೆಯುವುದಿಲ್ಲ. ಸೋಮಾಲಿಗಳಲ್ಲಿ ನಡೆಯುತ್ತದೆ. ಬಯಲಿನಲ್ಲಿ ಇಬ್ಬರು ಅಪರಿಚಿತರು ಎದುರಾದರೆ ಕೇಳುವುದು ಎಲ್ಲಿಯವನೆಂದಲ್ಲ, ಯಾರ ಮಗನೆಂದು. ಇಬ್ಬರೂ ಹೆಸರು ಹೇಳುತ್ತ ಹೋಗುತ್ತಾರೆ; ಎಂಟನೆಯ ತಲೆಮಾರಿನಲ್ಲಿ ಕೂಡಿದರೆ ಒಂದು ಬಗೆಯ ನಂಟು, ಹದಿನಾರರಲ್ಲಿ ಕೂಡಿದರೆ ಇನ್ನೊಂದು. ಯಾರು ಯಾರ ಪರವಾಗಿ ಈಟಿ ಹಿಡಿಯಬೇಕು, ಯಾರ ಬಾವಿಯಲ್ಲಿ ಯಾರ ಒಂಟೆ ನೀರು ಕುಡಿಯಬಹುದು, ಕೊಲೆಯಾದರೆ ದಂಡ ಯಾರ ಮೇಲೆ ಬೀಳುತ್ತದೆ ಎಂಬುದೆಲ್ಲ ಅಲ್ಲಿಂದ ತೀರ್ಮಾನವಾಗುತ್ತದೆ. ಹೆಣ್ಣು ಮದುವೆಯಾದ ಮೇಲೂ ತನ್ನ ತಂದೆಯ ಸಾಲನ್ನು ಬಿಟ್ಟು ಗಂಡನ ಸಾಲಿಗೆ ಸೇರುವುದಿಲ್ಲ.

ದಂಡದ ಲೆಕ್ಕವೂ ನಿಗದಿ. ಗಂಡಾಳಿನ ಜೀವಕ್ಕೆ ನೂರು ಒಂಟೆ, ಹೆಂಗಸಿನ ಜೀವಕ್ಕೆ ಐವತ್ತು. ಇದಕ್ಕೆ ಮಗ್ ಎಂದು ಹೆಸರು. ಕೊಂದವನೊಬ್ಬನೇ ಇದನ್ನು ತೆರುವುದಿಲ್ಲ, ಅವನ ಬಳಗವೆಲ್ಲ ತೆರುತ್ತದೆ; ಹತ್ತಿರದವರ ಪಾಲು ಹೆಚ್ಚು, ದೂರದವರದು ಕಡಿಮೆ. ಪಡೆಯುವವರೂ ಹಾಗೆಯೇ ಹಂಚಿಕೊಳ್ಳುತ್ತಾರೆ. ಈ ಕರಾರುಗಳ ಒಟ್ಟು ಮೊತ್ತ ಹೇರ್ ಎಂಬ ಕಟ್ಟಳೆ. ಬರೆದಿಟ್ಟ ಪುಸ್ತಕವಿಲ್ಲ, ಕಾಯಂ ನ್ಯಾಯಾಧೀಶನಿಲ್ಲ. ಮರದ ನೆರಳಿನಲ್ಲಿ ಶಿರ್ ಎಂಬ ಸಭೆ ಸೇರುತ್ತದೆ, ಬಳಗದ ಯಾವ ಗಂಡಸಾದರೂ ಎದ್ದು ಮಾತಾಡಬಹುದು. ಹಿರಿಯರು ಹಿಂದಿನ ತೀರ್ಪುಗಳನ್ನು ನೆನಪಿನಿಂದಲೇ ಎತ್ತಿ ಆಡುತ್ತಾರೆ, ಮಾತು ಕೆಲವೊಮ್ಮೆ ವಾರಗಟ್ಟಲೆ ಎಳೆಯುತ್ತದೆ. ಕಾಳಗಕ್ಕೂ ನೇಮವಿದೆ. ಹೆಂಗಸರು, ಮಕ್ಕಳು, ಮುದುಕರು, ರೋಗಿಗಳು, ಅತಿಥಿಗಳು, ಧರ್ಮಗುರುಗಳು, ಸಂಧಾನಕ್ಕೆ ಬಂದವರು, ಇವರ ಮೇಲೆ ಆಯುಧ ಎತ್ತಕೂಡದು. 1950ರ ದಶಕದಲ್ಲಿ ಇವರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1961ರಲ್ಲಿ ತನ್ನ ಪುಸ್ತಕಕ್ಕೆ ‘ಎ ಪ್ಯಾಸ್ಟೊರಲ್ ಡೆಮಾಕ್ರಸಿ’ ಎಂದು ಹೆಸರಿಟ್ಟ. ದನಗಾಹಿಗಳ ಪ್ರಜಾಪ್ರಭುತ್ವ. ಹೆಸರೇನೋ ಚೆನ್ನಾಗಿದೆ. ಆ ಮರದಡಿಯ ನೆರಳು ಯಾರನ್ನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಈ ಕರಾವಳಿ ಕನ್ನಡ ಕರಾವಳಿಗೆ ಅಪರಿಚಿತವಲ್ಲ. 1331ರಲ್ಲಿ ಇಬ್ನ್ ಬತೂತಾ ಸೋಮಾಲಿ ತೀರದ ಜೈಲಾ ಬಂದರಿಗೆ ಬಂದಾಗ ಮೀನಿನ ನಾತಕ್ಕೂ ಓಣಿಗಳಲ್ಲಿ ಕಡಿದ ಒಂಟೆಗಳ ರಕ್ತದ ವಾಸನೆಗೂ ಹೇಸಿ ರಾತ್ರಿಯನ್ನು ಹಡಗಿನಲ್ಲೇ ಕಳೆದ. ಅಲ್ಲಿಂದ ಮೊಗದಿಶುವಿಗೆ ಹೋದರೆ ಬೇರೆಯೇ ಲೋಕ. ಹಡಗು ಲಂಗರು ಹಾಕುತ್ತಲೇ ಊರಿನ ಹುಡುಗರು ದೋಣಿಗಳಲ್ಲಿ ಮುಚ್ಚಿದ ತಟ್ಟೆ ಹಿಡಿದು ಬರುತ್ತಿದ್ದರು. ಒಬ್ಬೊಬ್ಬ ವರ್ತಕನ ಮುಂದೆ ಒಂದೊಂದು ತಟ್ಟೆ ಇಟ್ಟು, ಇವನು ನನ್ನ ಅತಿಥಿ ಎನ್ನುತ್ತಿದ್ದರು. ಅಲ್ಲಿಂದ ಆ ವರ್ತಕನ ಊಟ, ವಸತಿ, ಕೊಳ್ಳುವುದು, ಮಾರುವುದು ಎಲ್ಲ ಆ ಮನೆಯವನ ಮೂಲಕವೇ. ಊಟದ ವಿವರವನ್ನೂ ಇಬ್ನ್ ಬತೂತಾ ಬಿಟ್ಟಿಲ್ಲ: ದೊಡ್ಡ ಮರದ ತಟ್ಟೆಯಲ್ಲಿ ತುಪ್ಪ ಹಾಕಿ ಬೇಯಿಸಿದ ಅನ್ನ, ಕೋಳಿ, ಮೀನು, ತರಕಾರಿಯ ಪಲ್ಯಗಳು, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ನಿಂಬೆಯ ಉಪ್ಪಿನಕಾಯಿ, ಮೆಣಸಿನ ಗೊಂಚಲಿನ ಉಪ್ಪಿನಕಾಯಿ, ಹಸಿ ಶುಂಠಿ, ಮಾವು. ಹತ್ತು ಹನ್ನೆರಡು ವರ್ಷ ಕಳೆದು ಅದೇ ಮನುಷ್ಯ ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ಬರೆದಿದ್ದಾನೆ. ತುಪ್ಪದನ್ನ, ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ತಟ್ಟೆ ಯಾವ ಊರಿನದೆಂದು ಗುರುತಿಸುವುದು ಕಷ್ಟ. ಶರಾವತಿ ಕಣಿವೆಯ ಮೆಣಸು ಎಲ್ಲಿಯವರೆಗೆ ಹೋಗುತ್ತಿತ್ತೆಂದು ತಿಳಿಯಲು ಬೇರೆ ಶಾಸನ ಬೇಕಿಲ್ಲ.

ಆದರೆ ಹಡಗುಗಳಲ್ಲಿ ಮೆಣಸು, ಲೋಬಾನ, ತುಪ್ಪ ಮಾತ್ರ ಇರಲಿಲ್ಲ.

1529ರಲ್ಲಿ ಇಮಾಮ್ ಅಹ್ಮದ್ ಇಬ್ನ್ ಇಬ್ರಾಹಿಂ ಎಂಬವನು ಅದಾಲ್ ರಾಜ್ಯದ ಸೇನೆ ಕಟ್ಟಿಕೊಂಡು ಇಥಿಯೋಪಿಯಾದ ಕ್ರೈಸ್ತ ದೊರೆಯ ಮೇಲೆ ದಂಡೆತ್ತಿ ಹೋದ. ಎಡಗೈ ಬಂಟ ಎಂಬುದು ಅವನ ಅಡ್ಡಹೆಸರು. ಸೋಮಾಲಿಗಳು ಇವತ್ತಿಗೂ ಅವನನ್ನು ಗುರೇ ಎಂದೇ ಕರೆಯುತ್ತಾರೆ. ಅವನ ದಂಡಿನಲ್ಲಿ ಹರ್ತಿ, ಮರೆಹಾನ್, ಗೇರಿ ಮುಂತಾದ ಸೋಮಾಲಿ ಕುಲಗಳ ಯೋಧರಿದ್ದುದನ್ನು ಆ ಯುದ್ಧದ ಅರಬ್ಬಿ ಬಖೈರುಕಾರ ಕುಲಕುಲವಾಗಿ ಹೆಸರಿಸುತ್ತಾನೆ. ಶಿಂಬ್ರ ಕುರೆಯ ಕಾಳಗದಲ್ಲಿ ಗೆದ್ದ ಇಮಾಮ್ ಹದಿನಾಲ್ಕು ವರ್ಷ ಆ ಎತ್ತರದ ನಾಡನ್ನು ಉತ್ತು ಹಾಕಿದ. ಕ್ರೈಸ್ತ ದೊರೆಯ ನೆರವಿಗೆ ಹೊರಟ ಪಡೆ ಎಲ್ಲಿಂದ ಬಂತು ಗೊತ್ತೇ? ಗೋವೆಯಿಂದ. 1541ರಲ್ಲಿ ಗೋವೆಯ ಗವರ್ನರ್ ಎಸ್ತೆವಾವೊ ದ ಗಾಮ ತನ್ನ ತಮ್ಮ ಕ್ರಿಸ್ತೊವಾವೊನನ್ನು 400 ಕೋವಿಗಾರರೊಂದಿಗೆ ಮಸ್ಸಾವಾದಲ್ಲಿ ಇಳಿಸಿದ. ಇಬ್ಬರೂ ವಾಸ್ಕೊ ದ ಗಾಮನ ಮಕ್ಕಳು. ಮರುವರ್ಷ ಕ್ರಿಸ್ತೊವಾವೊ ಸೆರೆಸಿಕ್ಕು ಸತ್ತ. 1543ರಲ್ಲಿ ಇಮಾಮ್ ಕೂಡ ಗುಂಡಿಗೆ ಬಲಿಯಾದ.

ಯುದ್ಧದಲ್ಲಿ ಗೆದ್ದವರಿಗೆ ಸಿಕ್ಕ ಮುಖ್ಯ ಸರಕು ಸೆರೆಯಾಳುಗಳು. ಜೈಲಾ, ಬರ್ಬರಾ, ಮಸ್ಸಾವಾ ಬಂದರುಗಳಿಂದ ಅವರು ಯೆಮನಿನ ಸಂತೆಗಳಿಗೆ, ಅಲ್ಲಿಂದ ಗುಜರಾತು, ಕೊಂಕಣದ ದಾರಿಯಾಗಿ ದಖ್ಖನಿಗೆ ಬಂದರು. ಯುದ್ಧ ಮುಗಿದ ಮೇಲೂ ಈ ವ್ಯಾಪಾರ ನಿಲ್ಲಲಿಲ್ಲ. ಹೆಚ್ಚಿನವರು ಇಥಿಯೋಪಿಯಾದ ಒಳನಾಡಿನವರು. ಮುಸ್ಲಿಮರಾದ ಸೋಮಾಲಿಗಳು ಸಾಮಾನ್ಯವಾಗಿ ಮಾರಾಟವಾಗುತ್ತಿರಲಿಲ್ಲ. ಅವರ ಬಂದರುಗಳ ಮೂಲಕ ಮಾರಾಟವಾಗುತ್ತಿತ್ತು. ತಂದೆಯ ಹೆಸರೇ ಕಾನೂನಾಗಿದ್ದ ಕರಾವಳಿಯನ್ನು ಹಾದು ತಂದೆಯ ಹೆಸರು ಅಳಿಸಿಹೋದವರು ಹಡಗು ಹತ್ತಿದರು.

ದಖ್ಖನಿನ ಸುಲ್ತಾನರಿಗೆ ಬೇಕಾಗಿದ್ದುದೂ ಅಂಥವರೇ. ಬಹಮನಿ ಆಸ್ಥಾನ ಎರಡು ಪಕ್ಷವಾಗಿ ಒಡೆದಿತ್ತು: ಪರ್ಶಿಯಾ, ಮಧ್ಯ ಏಷ್ಯಾದಿಂದ ಬಂದ ಪರದೇಶಿಗಳು ಒಂದು ಕಡೆ, ದಖ್ಖನಿಗಳು ಇನ್ನೊಂದು ಕಡೆ. ಹಬ್ಶಿಗಳು ದಖ್ಖನಿಗಳ ಜೊತೆ ನಿಂತರು. ಬೀದರಿನ ಹೊರವಲಯದಲ್ಲಿ ಇಂದಿಗೂ ಹಬ್ಶಿ ಕೋಟ್ ಎಂಬ ದಿಣ್ಣೆಯಿದೆ. 1481ರಲ್ಲಿ ಬಹಮನಿ ಪ್ರಧಾನಿ ಮಹಮೂದ್ ಗವಾನನ ತಲೆ ಉರುಳಿದ್ದೂ ಈ ಜಗಳದಲ್ಲೇ. ಅವನನ್ನು ಸಿಕ್ಕಿಸಿದ ಖೊಟ್ಟಿ ಪತ್ರಕ್ಕೆ ಗವಾನನ ಮುದ್ರೆ ಒತ್ತಿಸಿದ್ದು ಅವನದೇ ಹಬ್ಶಿ ಗುಲಾಮನಿಂದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಅಮೀರನಿಗೆ ಅಣ್ಣತಮ್ಮಂದಿರಿರುತ್ತಾರೆ, ಭಾವಮೈದುನರಿರುತ್ತಾರೆ, ಅವರಿಗೆಲ್ಲ ಜಹಗೀರು ಬೇಕು. ಹಬ್ಶಿಗೆ ಯಜಮಾನನೊಬ್ಬನೇ ದಿಕ್ಕು. ಯಜಮಾನ ಸತ್ತರೆ ಅವನು ಮುಕ್ತ, ಜೊತೆಗೆ ಅನಾಥ. ಆಗ ಕತ್ತಿಯನ್ನು ಬಾಡಿಗೆಗೆ ಕೊಡುವುದೊಂದೇ ದಾರಿ.

ಮಲಿಕ್ ಅಂಬರನ ಜೀವನ ಹಾಗೆಯೇ ನಡೆಯಿತು. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಚಾಪು ಎಂಬ ಹುಡುಗ ಕೈಯಿಂದ ಕೈಗೆ ಮಾರಾಟವಾಗುತ್ತ ಬಾಗ್ದಾದಿಗೆ ಹೋಗಿ ಅಂಬರನಾದ. ಅಹಮದ್‌ನಗರದ ಪೇಶ್ವೆ ಚಂಗೇಜ್ ಖಾನ್ ಅವನನ್ನು ಕೊಂಡ. ಆ ಪೇಶ್ವೆಯೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಶಿಯೇ. ಚಂಗೇಜ್ ಖಾನ್ ಸತ್ತಾಗ ಅಂಬರ್ ಬಿಡುಗಡೆಯಾಗಿ ಕೆಲಕಾಲ ವಿಜಯಪುರದ ಆದಿಲ್‌ಶಾಹಿಗಳ ಬಳಿ ದುಡಿದು, ಮತ್ತೆ ಉತ್ತರಕ್ಕೆ ಹೋಗಿ, 1600ರಲ್ಲಿ ಅಹಮದ್‌ನಗರ ಮೊಗಲರ ಕೈಸೇರಿದ ಮೇಲೆ ನಿಜಾಮ್‌ಶಾಹಿ ವಂಶದ ಒಬ್ಬನನ್ನು ಹುಡುಕಿ ತಂದು ಗದ್ದುಗೆಯ ಮೇಲೆ ಕೂರಿಸಿದ. ಕೂರಿಸಿದವನಿಗೆ ತನ್ನ ಮಗಳನ್ನೇ ಕೊಟ್ಟ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದಿನ ಹೆಸರುಗಳಿಲ್ಲದವನು ಮುಂದಿನ ಹೆಸರುಗಳನ್ನು ಕಟ್ಟಲು ಹೊರಟಿದ್ದಾನೆ. ಜಹಾಂಗೀರ ತನ್ನ ದಿನಚರಿಯಲ್ಲಿ ಅವನನ್ನು ಬಾಯಿಗೆ ಬಂದಂತೆ ಬೈದಿರುವುದಕ್ಕೆ ಸೋಲಿನ ಸಿಟ್ಟು ಮಾತ್ರ ಕಾರಣವಲ್ಲ. ಕುಲವಿಲ್ಲದವನು ಕುಲ ಕಟ್ಟುವುದನ್ನು ತೈಮೂರನ ವಂಶಸ್ಥ ಹೇಗೆ ತಾನೇ ಸಹಿಸಿಯಾನು?

ವಿಜಯಪುರದಲ್ಲಿ ದಿಲಾವರ್ ಖಾನ್ ಹಬ್ಶಿ 1580ರ ದಶಕದಲ್ಲಿ ಬಾಲಕ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ಸುಮಾರು ಎಂಟು ವರ್ಷ ರಾಜ್ಯಭಾರ ಮಾಡಿದ. ಮುಂದೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಮಲಿಕ್ ರೈಹಾನ್, ಇಖ್ಲಾಸ್ ಖಾನ್ ಎಂಬ ಬಿರುದು ಹೊತ್ತು ಪ್ರಧಾನನಾದ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕೂತಿರುವ ಚಿತ್ರವೊಂದು ಉಳಿದಿದೆ; ಸುಲ್ತಾನನ ಹಿಂದೆ ಕೂತ ಇಖ್ಲಾಸ್ ಖಾನನ ಠೀವಿ ಯಜಮಾನನಿಗಿಂತ ಒಂದು ತೂಕ ಹೆಚ್ಚೇ. 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿ ಶಿವಾಜಿಯನ್ನು ಕಟ್ಟಿಹಾಕಿದ ಸಿದ್ದಿ ಜೌಹರ್ ಕರ್ನೂಲಿನಿಂದ ಬಂದವನು. 1686ರಲ್ಲಿ ವಿಜಯಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ಪಾಲಾದವು. ದಖ್ಖನಿನ ಒಳನಾಡಿನಲ್ಲಿ ಹಬ್ಶಿಗಳ ದೊಡ್ಡ ರಾಜಕಾರಣ ಅಲ್ಲಿಗೆ ಮುಗಿಯಿತು.

ಆ ಹೊತ್ತಿಗೆ ಸೋಮಾಲಿ ಕರಾವಳಿಯಲ್ಲಿ ಏನೂ ಮುಗಿದಿರಲಿಲ್ಲ. 1854ರಲ್ಲಿ ಬಾಂಬೆ ಸೇನೆಯ ಅಧಿಕಾರಿ ರಿಚರ್ಡ್ ಬರ್ಟನ್ ಅರಬ್ಬಿ ವರ್ತಕನ ವೇಷ ಹಾಕಿ ಜೈಲಾದಿಂದ ಹರಾರಿಗೆ ಹೊರಟಾಗ, ಇಬ್ನ್ ಬತೂತಾ ಕಂಡ ತಟ್ಟೆಯ ಪದ್ಧತಿ ಅಬ್ಬಾನ್ ಎಂಬ ಹೆಸರಿನಲ್ಲಿ ಗಟ್ಟಿಯಾಗಿಯೇ ಇತ್ತು. ಪರದೇಶಿಗೆ ಅಲ್ಲಿ ತಂದೆಯ ಸಾಲಿಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅವನು ಮನುಷ್ಯನೇ ಅಲ್ಲ. ಒಬ್ಬ ಸೋಮಾಲಿಯನ್ನು ಅಬ್ಬಾನನಾಗಿ ಹಿಡಿದರೆ ಅವನ ವಂಶಾವಳಿಯ ಕೊಡೆಯ ಕೆಳಗೆ ಇವನಿಗೂ ಜಾಗ. ಅತಿಥಿಯನ್ನು ಹೊಡೆದರೆ ಅಬ್ಬಾನನನ್ನು ಹೊಡೆದಂತೆ. ಕೊಂದರೆ ಅಬ್ಬಾನನ ಬಳಗ ಎದ್ದು ಬರುತ್ತದೆ. ಆ ಕಾಲದಲ್ಲಿ ಬರ್ಬರಾ ಬೇಸಿಗೆಯಲ್ಲಿ ನಾಯಿಯೂ ಇರದ ಊರು. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಅದೇ ಮರಳಿನ ಮೇಲೆ ಚಾಪೆ ಗುಡಿಸಲುಗಳ ಪಟ್ಟಣ ಎದ್ದು ನಿಲ್ಲುತ್ತಿತ್ತು. ಮುಂಬಯಿ, ಮಾಂಡವಿ, ಪೋರಬಂದರದ ಬನಿಯರು ಅಕ್ಕಿ, ಖರ್ಜೂರ, ಹತ್ತಿ ಬಟ್ಟೆ ಇಳಿಸಿ ತುಪ್ಪ, ಗೋಂದು, ಲೋಬಾನ, ಚರ್ಮ, ಉಷ್ಟ್ರಪಕ್ಷಿಯ ಗರಿ ಹೇರಿಕೊಂಡು ಹೋಗುತ್ತಿದ್ದರು. ಲೋಬಾನದ ಮರಗಳೂ ಕುಲಕುಲಗಳ ನಡುವೆ ಹಂಚಿಕೆಯಾಗಿದ್ದವು. ಬಂಡೆಯ ಸಂದಿನಲ್ಲಿ ಬೆಳೆದ ಮರದ ತೊಗಟೆ ಕೆತ್ತುವ ಹಕ್ಕು ತಂದೆಯಿಂದ ಮಗನಿಗೆ ಬರುತ್ತಿತ್ತು. 1855ರ ಏಪ್ರಿಲಿನಲ್ಲಿ, ಸಂತೆ ಚದುರಿದ ಮೇಲೆ, ಬರ್ಟನ್ನನ ಶಿಬಿರದ ಮೇಲೆ ರಾತ್ರಿ ದಾಳಿಯಾಯಿತು. ಜೊತೆಗಾರ ಸ್ಟ್ರೋಯನ್ ಸತ್ತ. ಬರ್ಟನ್ನನ ಒಂದು ಕೆನ್ನೆಗೆ ಹೊಕ್ಕ ಈಟಿ ಇನ್ನೊಂದರಲ್ಲಿ ಹೊರಬಂತು. ಅಷ್ಟಾದರೂ ಈ ನಾಡು ಕವಿಗಳಿಂದ ಕಿಕ್ಕಿರಿದಿದೆ ಎಂದು ಮೆಚ್ಚಿ ಬರೆಯುವುದನ್ನು ಅವನು ಬಿಡಲಿಲ್ಲ.

ಕವಿಗಳ ವಿಷಯ ಬಂದಾಗ ಕನ್ನಡದವರಿಗೆ ಕಿವಿ ನಿಮಿರಬೇಕು. ಸೋಮಾಲಿ ಗಬೈ ಎಂಬ ದೀರ್ಘ ಪದ್ಯದಲ್ಲಿ ಪ್ರತಿ ಸಾಲಿನಲ್ಲೂ ಒಂದೇ ಅಕ್ಷರದಿಂದ ಶುರುವಾಗುವ ಪದ ಬರಲೇಬೇಕು. ‘ದ’ ಹಿಡಿದರೆ ನೂರು ಸಾಲಿಗೂ ‘ದ’. ನಮ್ಮಲ್ಲಿ ಎರಡನೆಯ ಅಕ್ಷರದ ಆದಿಪ್ರಾಸವನ್ನು ಕವಿಗಳು ಸಾವಿರ ವರ್ಷ ಹೊತ್ತು ನಡೆದರು. ಮಂಜೇಶ್ವರದ ಗೋವಿಂದ ಪೈಗಳು ಕಳೆದ ಶತಮಾನದ ಆರಂಭದಲ್ಲಿ ಅದನ್ನು ಕೆಳಗಿಳಿಸಿದಾಗ ದೊಡ್ಡ ಗಲಾಟೆಯಾಯಿತು. ಸೋಮಾಲಿಗಳು ಹಾಗೆ ಇಳಿಸುವಂತಿರಲಿಲ್ಲ. ಅವರ ಭಾಷೆಗೆ ಸರ್ಕಾರ ಅಧಿಕೃತ ಲಿಪಿ ಗೊತ್ತುಮಾಡಿದ್ದು 1972ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಪದ್ಯ ಉಳಿದದ್ದು ಕೇಳಿ ಕಲಿತವರ ಬಾಯಲ್ಲಿ, ಪ್ರಾಸವೇ ಅದರ ಹೊಲಿಗೆ. ಹೇಳುವವನು ಮೊದಲು ಕವಿಯ ಹೆಸರು ಹೇಳಬೇಕು, ಒಂದು ಪದವನ್ನೂ ಬದಲಿಸಕೂಡದು. ಮದುವೆಯ ಮಾತು, ಬಾವಿಯ ಜಗಳ, ಯುದ್ಧದ ಕರೆ, ಸಂಧಾನ, ಎಲ್ಲವೂ ಪದ್ಯದಲ್ಲಿ ನಡೆಯುತ್ತಿದ್ದವು. ನಿಂದೆಯ ಪದ್ಯಕ್ಕೆ ಉತ್ತರದ ಪದ್ಯ ಕಟ್ಟದ ಕುಲ ಅರ್ಧ ಸೋತಂತೆ.

ಗಂಡಸರ ಗಬೈ ಬಗ್ಗೆ ಪುಸ್ತಕಗಳಿವೆ. ಆದರೆ ಅಲೆಮಾರಿ ಬದುಕಿನ ನಿಜವಾದ ಕಟ್ಟಡ ಹೆಂಗಸರದು. ಅಕಲ್ ಎಂಬ ಗುಮ್ಮಟದಂಥ ಗುಡಿಸಲಿಗೆ ಬೇರುಗಳನ್ನು ಬಾಗಿಸುವುದು, ನಾರಿನ ಚಾಪೆ ಹೆಣೆಯುವುದು, ಕಟ್ಟುವುದು, ಮಳೆ ಬಿದ್ದ ಕಡೆಗೆ ಹೊರಡುವ ದಿನ ಬಿಚ್ಚಿ ಒಂಟೆಯ ಮೇಲೆ ಹೇರುವುದು ಎಲ್ಲ ಅವರ ಕೆಲಸ. ಮದುವೆಯಲ್ಲಿ ಗಂಡಿನ ಕಡೆಯವರು ಒಂಟೆ ಕೊಟ್ಟರೆ ಹೆಣ್ಣಿನ ಕಡೆಯಿಂದ ಬರುವುದು ಮನೆಯೇ. ಹಾಗಾಗಿ ಗುಡಿಸಲಿನ ಒಡೆತನ ಹೆಂಡತಿಯದು. ಸಂಜೆ ಮಣ್ಣಿನ ಧೂಪದಾನಿಯಲ್ಲಿ ಲೋಬಾನ ಹಾಕಿ ಬಟ್ಟೆಗೂ ಕೂದಲಿಗೂ ಹೊಗೆ ಹಿಡಿಸುವ ರೂಢಿ ಇಂದಿನ ಸಿಮೆಂಟ್ ಮನೆಗಳಲ್ಲೂ ಉಳಿದಿದೆ. ಬೆಳಗಿನ ಕಂಜೇರೊ ಹುಳಿ ಬರಿಸಿದ ಹಿಟ್ಟಿನದು, ಒಂದೇ ಬದಿ ಬೇಯುತ್ತದೆ, ಮೈಯೆಲ್ಲ ಕಣ್ಣು. ನಮ್ಮ ಸೆಟ್ ದೋಸೆಯ ತೆಳು ದಾಯಾದಿ.

1884ರಲ್ಲಿ ಈಜಿಪ್ಟಿನವರು ಕಾಲ್ತೆಗೆದಾಗ ಬರ್ಬರಾ ಬ್ರಿಟಿಷರ ಕೈಗೆ ಬಂತು. ಲಂಡನ್ನಿಗೆ ಅದರ ಮೇಲೆ ಆಸಕ್ತಿಯಿರಲಿಲ್ಲ. ಏಡನ್ನಿನ ಸೈನಿಕರಿಗೆ ಮಾಂಸ ಬರುವುದು ಅಲ್ಲಿಂದ ಎಂಬುದಷ್ಟೇ ಲೆಕ್ಕ. ಹಾಗಾಗಿ 1898ರವರೆಗೆ ಬ್ರಿಟಿಷ್ ಸೋಮಾಲಿಲ್ಯಾಂಡನ್ನು ನಡೆಸಿದ್ದು ಏಡನ್ನಿನ ಮೂಲಕ ಭಾರತ ಸರ್ಕಾರ. ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ. ಅಪರಾಧಕ್ಕೆ ನಮ್ಮ ಇಂಡಿಯನ್ ಪೀನಲ್ ಕೋಡ್. ಒಬ್ಬನನ್ನು ಕೊಂದರೆ ಮೆಕಾಲೆಯ ಲೆಕ್ಕದಲ್ಲಿ ಗಲ್ಲು, ಮರದಡಿಯ ಲೆಕ್ಕದಲ್ಲಿ ನೂರು ಒಂಟೆ. ಗಲ್ಲು ಹಾಕಿದರೆ ಸತ್ತವನ ಬಳಗಕ್ಕೆ ಏನು ಸಿಕ್ಕಿತು ಎಂದು ಹಿರಿಯರು ಕೇಳುವ ಪ್ರಶ್ನೆಗೆ ಕೋಡಿನಲ್ಲಿ ಉತ್ತರವಿರಲಿಲ್ಲ. ಅಧಿಕಾರಿಗಳು ಬೇಗನೆ ಪಾಠ ಕಲಿತು, ಬಂದರಿನಾಚೆ ಹೇರ್ ನಡೆಯಲಿ ಎಂದು ಬಿಟ್ಟುಬಿಟ್ಟರು.

1899ರಲ್ಲಿ ಸೈಯದ್ ಮುಹಮ್ಮದ್ ಅಬ್ದುಲ್ಲಾ ಹಸನ್ ದಂಗೆ ಎದ್ದ. ಇಂಗ್ಲಿಷರು ಅವನನ್ನು ಹುಚ್ಚು ಮುಲ್ಲಾ ಎಂದರು. ಸೋಮಾಲಿಗಳಿಗೆ ಅವನು ಮೊದಲು ಕವಿ. ಅವನ ವಿರುದ್ಧ ಭಾರತದಿಂದಲೂ ಸೈನಿಕರು ಹೋದರು. 1903ರ ಏಪ್ರಿಲಿನ ಗುಂಬುರು ಕಾಳಗದಲ್ಲಿ ಸಿಖ್ಖರ ತುಕಡಿಯೂ ಅಳಿಯಿತು. ಬಿಕಾನೇರಿನ ಒಂಟೆ ಪಡೆ ರಾಜಸ್ಥಾನದ ಮರಳಿನಿಂದ ಆ ಮರಳಿಗೆ ಹೋಯಿತು. 1920ರ ಆರಂಭದಲ್ಲಿ ಹನ್ನೆರಡು ವಿಮಾನಗಳನ್ನು ತಂದು ಅವನ ಕೋಟೆಗಳ ಮೇಲೆ ಬಾಂಬು ಸುರಿದರು. ಸೈಯದ್ ತಪ್ಪಿಸಿಕೊಂಡು ಅದೇ ವರ್ಷದ ಕೊನೆಗೆ ಜ್ವರದಿಂದ ಸತ್ತ. ಪದ್ಯಗಳು ಬಾಯಿಂದ ಬಾಯಿಗೆ ಉಳಿದವು.

ಇತ್ತ ಹೈದರಾಬಾದಿನಲ್ಲಿ ಹಬ್ಶಿಗಳ ಎರಡನೆಯ ಅಧ್ಯಾಯ ನಡೆಯುತ್ತಿತ್ತು. ರಾಯಚೂರಿನಾಚೆ, ಕೃಷ್ಣೆಯ ಉತ್ತರಕ್ಕಿರುವ ವನಪರ್ತಿ ಸಂಸ್ಥಾನದ ರಾಜಾ ರಾಮೇಶ್ವರ ರಾವ್ ಆಫ್ರಿಕನ್ ಕುದುರೆ ಸವಾರರ ಪಡೆಯೊಂದನ್ನು ಕಟ್ಟಿದ್ದ. 1866ರಲ್ಲಿ ಅವನು ತೀರಿಕೊಂಡ ಮೇಲೆ ಆ ಪಡೆ ನಿಜಾಮನ ಸೇವೆಗೆ ಸೇರಿ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಆಯಿತು. ನಿಜಾಮನ ಸವಾರಿಗೆ ಮುಂದೆ ಹಿಂದೆ ಅವರ ಕುದುರೆಗಳು. ಮಾಸಬ್ ಟ್ಯಾಂಕ್ ಬಳಿ ಅವರಿದ್ದ ಜಾಗಕ್ಕೆ ಇಂದಿಗೂ ಎ.ಸಿ. ಗಾರ್ಡ್ಸ್ ಎಂದೇ ಹೆಸರು. ಆಟೋ ಹತ್ತುವ ಹೊಸಬರು ಏರ್ ಕಂಡೀಷನಿಗೂ ಗಾರ್ಡಿಗೂ ಏನು ಸಂಬಂಧವೆಂದು ತಲೆ ಕೆರೆದುಕೊಳ್ಳುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಪಡೆ ಬರಖಾಸ್ತಾಯಿತು. ಸವಾರರ ಮಕ್ಕಳು ಸಿಕ್ಕ ಸಣ್ಣಪುಟ್ಟ ಕೆಲಸ ಹಿಡಿದರು. ಮದುವೆಗಳಲ್ಲಿ ಮರ್ಫಾ ಬಾರಿಸಿದರು. ಹದ್ರಮೌತಿನ ಅರಬ್ಬರಾದ ಚಾವುಷರೂ ಸಿದ್ದಿಗಳೂ ಸೇರಿ ಬೆಳೆಸಿದ ಆ ತಮ್ಮಟೆ ಮೇಳವಿಲ್ಲದೆ ಹಳೆ ಹೈದರಾಬಾದಿನಲ್ಲಿ ಮದುವೆ ಮೆರವಣಿಗೆ ಹೊರಡುತ್ತಿರಲಿಲ್ಲ. ಮಾತು ಉರ್ದು, ನಂಟಸ್ತಿಕೆ ಅರಬ್ಬರೊಂದಿಗೂ ಉಂಟು. ನಮ್ಮ ಹಿರಿಯರು ಸೋಮಾಲಿಯಾದವರು ಎನ್ನುವ ಮನೆಗಳಿವೆ, ಅಬಿಸೀನಿಯಾ ಎನ್ನುವ ಮನೆಗಳಿವೆ. ದೇಶದ ಹೆಸರು ಬಾಯಲ್ಲಿದೆ, ಮುತ್ತಜ್ಜನದು ಇಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳ ದಾರಿ ಬೇರೆ. ಅವರ ಹಿರಿಯರನ್ನು ಹೆಚ್ಚಾಗಿ ಪೋರ್ಚುಗೀಸರು ಮೊಜಾಂಬಿಕ್ ಕಡೆಯ ಕರಾವಳಿಯಿಂದ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಹೆಸರಿನ ಕೊನೆಗೆ ಸಿದ್ದಿ ಎಂದೇ ಬರೆಯುತ್ತಾರೆ. ಬೇರೆ ಬೇರೆ ವಂಶಾವಳಿಗಳು ಹೋದ ಜಾಗದಲ್ಲಿ ಎಲ್ಲರಿಗೂ ಒಂದೇ ಅಡ್ಡಹೆಸರು ಬಂತು. ಹೆಸರು ಗೊತ್ತಿರಲಿ ಬಿಡಲಿ, ಹಿರಿಯರ ಪೂಜೆ ಮಾತ್ರ ಬಿಟ್ಟಿಲ್ಲ. ಡಮಾಮಿ ಬಾರಿಸಿ ಕುಣಿಯುವುದನ್ನೂ ಬಿಟ್ಟಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಮರದಡಿಯ ನೆರಳಿನ ಮಾತನ್ನು ಬಾಕಿ ಇಟ್ಟಿದ್ದೆ. ಸೋಮಾಲಿಗಳ ನಡುವೆಯೇ ಕಮ್ಮಾರರು, ಚರ್ಮ ಹದ ಮಾಡುವವರು, ಬೇಟೆಗಾರರು ಬೇರೆ ಪಂಗಡಗಳಾಗಿ ಹೊರಗುಳಿದಿದ್ದರು. ಅವರಿಗೆ ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಶಬೆಲೆ, ಜುಬ್ಬಾ ನದಿಗಳ ದಂಡೆಯ ಹೊಲಗಳಲ್ಲಿ ದುಡಿಯಲು ತಾಂಜಾನಿಯಾ, ಮೊಜಾಂಬಿಕ್ ಕಡೆಯಿಂದ ಸಾವಿರಾರು ಗುಲಾಮರನ್ನು ತರಿಸಿಕೊಂಡರು. ಅವರ ಸಂತತಿಯನ್ನು ಗುಂಗುರು ಕೂದಲಿನವರು ಎಂದು ಹೀಗಳೆಯುವುದು ಈಗಲೂ ನಿಂತಿಲ್ಲ. ಸೋಮಾಲಿಯಾದಲ್ಲಿ ಯಲ್ಲಾಪುರದ ಸಿದ್ದಿಗಳಿಗೆ ನಂಟರನ್ನು ಹುಡುಕಬೇಕೆಂದರೆ ಮೂವತ್ತು ತಲೆಮಾರು ಎಣಿಸುವ ಒಂಟೆಗಾರರ ಬಳಿ ಹೋಗಿ ಫಲವಿಲ್ಲ, ಆ ಹೊಲಗಳ ಕಡೆಗೇ ಹೋಗಬೇಕು. ವಂಶಾವಳಿಯ ಹೆಮ್ಮೆಯ ಇನ್ನೊಂದು ಮಗ್ಗುಲು ಇದು. ಲೂಯಿಸನ ಪುಸ್ತಕದ ಹೆಸರು ಓದಿದಾಗಲೆಲ್ಲ ನನಗೆ ಈ ಮಗ್ಗುಲೇ ನೆನಪಾಗುತ್ತದೆ.

1960ರ ಜುಲೈ 1ರಂದು ಬ್ರಿಟಿಷ್, ಇಟಾಲಿಯನ್ ಭಾಗಗಳು ಕೂಡಿ ಸೋಮಾಲಿಯಾ ಸ್ವತಂತ್ರವಾಯಿತು. 1969ರಲ್ಲಿ ಅಧಿಕಾರ ಹಿಡಿದ ಸೇನಾನಿ ಸಿಯಾದ್ ಬಾರೆ ಕುಲಗಳ ಹೆಸರೆತ್ತುವುದನ್ನೇ ನಿಷೇಧಿಸಿದ. ಊರೂರುಗಳಲ್ಲಿ ಕುಲಾಭಿಮಾನದ ಬೊಂಬೆ ಮಾಡಿ ಸುಟ್ಟರು, ಹೂತರು. ಜನ ಏನು ಮಾಡಿದರು? ನಿನ್ನ ಕುಲ ಯಾವುದು ಎಂದು ಕೇಳುವ ಬದಲು ನಿನ್ನ ‘ಎಕ್ಸ್’ ಯಾವುದು ಎಂದು ಕೇಳತೊಡಗಿದರು. ಮಾಜಿ ಕುಲ! ಬಾರೆ ಮಾತ್ರ ತನ್ನ ತಂದೆಯ ಕುಲ, ತಾಯಿಯ ಕುಲ, ಅಳಿಯನ ಕುಲದವರನ್ನೇ ಸುತ್ತ ಇಟ್ಟುಕೊಂಡ. 1991ರ ಜನವರಿಯಲ್ಲಿ ಅವನು ಮೊಗದಿಶು ಬಿಟ್ಟು ಓಡಿದ ಮೇಲೆ ಸರ್ಕಾರವೇ ಇಲ್ಲವಾಯಿತು. ಸುಟ್ಟ ಬೊಂಬೆ ಬಂದೂಕು ಹಿಡಿದು ಎದ್ದಿತು. ಅತಿಥಿಗಳು, ಹೆಂಗಸರು, ಮಕ್ಕಳನ್ನು ಮುಟ್ಟಬಾರದೆಂಬ ನೇಮ ಮೊದಲು ಮುರಿದದ್ದು ಪಟ್ಟಣದ ಬೀದಿಗಳಲ್ಲಿ. ಉತ್ತರದ ಸೋಮಾಲಿಲ್ಯಾಂಡಿನಲ್ಲಿ ಮಾತ್ರ 1993ರಲ್ಲಿ ಬೊರಾಮ ಎಂಬ ಊರಿನಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಹೇರ್‌ನ ರೀತಿಯಲ್ಲೇ ಮಾತಾಡಿ ಒಂದು ಆಡಳಿತ ಕಟ್ಟಿದರು.

ಓಡಿದವರಲ್ಲಿ ಕೆಲವರು ಹೈದರಾಬಾದಿಗೂ ಬಂದರು. ಕಾಲೇಜಿಗೆ ಬಂದವರು, ಚಿಕಿತ್ಸೆಗೆ ಬಂದವರು, ವಾಪಸು ಹೋಗಲಾರದೆ ನಿಂತವರು. ಹೆಚ್ಚಿನವರು ಟೋಲಿಚೌಕಿಯ ಸುತ್ತ ಬಾಡಿಗೆಗೆ ಇದ್ದಾರೆ. ನಿರಾಶ್ರಿತರ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದ್ದರಿಂದ ಅವರ ಕೈಯಲ್ಲಿರುವುದು ವಿಶ್ವಸಂಸ್ಥೆಯ ಚೀಟಿ. ಎ.ಸಿ. ಗಾರ್ಡ್ಸ್‌ನಿಂದ ಟೋಲಿಚೌಕಿ ಕೆಲವೇ ಕಿಲೋಮೀಟರು. ಒಂದು ಕಡೆ ಕಾಗದವಿದ್ದು ವಂಶಾವಳಿಯಿಲ್ಲದವರು, ಇನ್ನೊಂದು ಕಡೆ ವಂಶಾವಳಿಯಿದ್ದು ಕಾಗದವಿಲ್ಲದವರು. ಈ ಲೆಕ್ಕಾಚಾರದಲ್ಲಿ ಯಾರಿಗೂ ಲಾಭವಾದಂತೆ ಕಾಣುವುದಿಲ್ಲ.

ಸೋಮಾಲಿಗಳಿಗೆ ನಮ್ಮ ಅರ್ಥದ ಮನೆತನದ ಹೆಸರಿಲ್ಲ. ಪಾಸ್‌ಪೋರ್ಟಿನಲ್ಲಿರುವುದು ತನ್ನ ಹೆಸರು, ತಂದೆಯದು, ಅಜ್ಜನದು. ಫಾರಮ್ಮುಗಳಲ್ಲಿ ಅಜ್ಜನ ಹೆಸರು ಸರ್‌ನೇಮ್ ಎಂಬ ಖಾನೆಗೆ ಹೋಗಿ ಕೂರುತ್ತದೆ. ಆಸ್ಪತ್ರೆಗೆ ಬಂದ ಅಪ್ಪನಿಗೆ ಅವನ ಅಜ್ಜನ ಹೆಸರೇ ಸರ್‌ನೇಮ್, ನೋಡಿಕೊಳ್ಳಲು ಬಂದ ಮಗನಿಗೆ ಅವನ ಅಜ್ಜನ ಹೆಸರು. ಎರಡೂ ಬೇರೆ. ಇಬ್ಬರೂ ಒಂದೇ ಮನೆಯವರು ಹೇಗೆ ಎಂದು ಯಾರಾದರೂ ಕೇಳಿದರೆ ಮಗ ಇಪ್ಪತ್ತೈದು ತಲೆಮಾರಿನವರೆಗೂ ಹೇಳಬಲ್ಲ. ಫಾರಮ್ಮಿನಲ್ಲಿ ಜಾಗವಿರುವುದು ಮೂರು ಹೆಸರಿಗೆ.